ರೇಸಿಂಗ್ ಗೇಮಿನ ಮೊದಲ ಕಾರು: ನಾನು ಆರಿಸಿಕೊಳ್ಳುವ ಬಗೆ

ಹೊಸ ರೇಸಿಂಗ್ ಗೇಮ್ ಶುರುಮಾಡಿದ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಮೂರೋ ನಾಲ್ಕೋ ಕಾರು ಬಂದು ನಿಲ್ಲುತ್ತವೆ. ಒಂದನ್ನು ಆರಿಸಿಕೋ ಅನ್ನುತ್ತದೆ ಗೇಮ್. ಪಕ್ಕದಲ್ಲಿ ಗೆರೆಗಳಿರುತ್ತವೆ: ಟಾಪ್ ಸ್ಪೀಡ್ ಇಷ್ಟು, ಪಿಕಪ್ ಇಷ್ಟು, ಹ್ಯಾಂಡ್ಲಿಂಗ್ ಇಷ್ಟು. ಹೆಚ್ಚಿನವರು ಟಾಪ್ ಸ್ಪೀಡಿನ ಗೆರೆ ಎಲ್ಲಿ ಉದ್ದ ಇದೆಯೋ ಆ ಕಾರನ್ನು ಒತ್ತಿಬಿಡುತ್ತಾರೆ. ನಾನು ಆ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಕೇಳಿಕೊಳ್ಳುವುದು ಒಂದೇ: ಈ ಕಾರಿನ ಪೂರ್ತಿ ತಾಕತ್ತನ್ನು ಇವತ್ತೇ ನನ್ನ ಕೈಯಲ್ಲಿ ಬಳಸಲಿಕ್ಕೆ ಆಗುತ್ತದಾ?

ನಾನಿರುವುದು ಪುಣೆಯ ಚಿಂಚವಡದಲ್ಲಿ. ಊರು ಹುಬ್ಬಳ್ಳಿ. ಚಾಕಣದಲ್ಲಿ ಬ್ರೇಕಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ. ಈ ಕಡೆ ಇದ್ದರೆ ಕಾರಿನ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಪಿಂಪರಿಯಲ್ಲಿ ಟಾಟಾ, ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್, ರಾಂಜಣಗಾವದಲ್ಲಿ ಫಿಯೆಟ್, ಕೋಥರೂಡದ ಗುಡ್ಡದ ಮೇಲೆ ವಾಹನ ಪರೀಕ್ಷೆ ಮಾಡುವ ಎಆರ್‌ಎಐ. ಭಾನುವಾರ ನಮ್ಮ ಮನೆಗೆ ಬರುವ ಗೆಳೆಯರಲ್ಲಿ ಬೆಳಗಾವಿಯವರಿದ್ದಾರೆ, ಗದಗಿನವರಿದ್ದಾರೆ, ಹಿಂಜವಡಿಯ ಐಟಿ ಕಂಪನಿಯಲ್ಲಿರುವ ಒಬ್ಬ ಉಡುಪಿಯವನೂ ಇದ್ದಾನೆ. ನನ್ನ ಅಳಿಯ, ಅಂದರೆ ಅಕ್ಕನ ಮಗ, ಇಂಜಿನಿಯರಿಂಗ್ ಓದಲಿಕ್ಕೆ ಬಂದು ನಮ್ಮ ಜೊತೆಗೇ ಇದ್ದಾನೆ. ಊಟದ ಟೇಬಲ್ಲಿಗೆ ಸ್ಟೀರಿಂಗ್ ವೀಲ್ ಬಿಗಿದರೆ ಸಂಜೆಯವರೆಗೂ ಯಾರೂ ಏಳುವುದಿಲ್ಲ. ಹೊಸದಾಗಿ ಆಡುವವರು ಯಾವ ಕಾರು ತಗೊಳ್ಳಲಿ ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟಾಪ್ ಸ್ಪೀಡ್ ಯಾಕೆ ಬೇಡ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗೇಮಿನ ಆರಂಭದ ರೇಸುಗಳು ಸಾಮಾನ್ಯವಾಗಿ ಚಿಕ್ಕ ಟ್ರ್ಯಾಕಿನಲ್ಲಿ ನಡೆಯುತ್ತವೆ. ಗ್ರಾನ್ ಟುರಿಸ್ಮೊ ಎಂಬ ಗೇಮಿನಲ್ಲಿ ಬರುವ ಜಪಾನಿನ ತ್ಸುಕುಬಾ ಸರ್ಕ್ಯೂಟನ್ನೇ ತಗೊಳ್ಳಿ. ಇಡೀ ಸುತ್ತು ಸುಮಾರು 2 ಕಿಲೋಮೀಟರ್. ಅಷ್ಟರೊಳಗೆ ಎರಡು ಹೇರ್‌ಪಿನ್, ಅಂದರೆ ಬಂದ ದಿಕ್ಕಿಗೇ ಮರಳಿಸುವ ಬಿಗಿ ತಿರುವು, ಕೊನೆಯಲ್ಲೊಂದು ಉದ್ದನೆಯ ಬಲ ತಿರುವು. ಸಣ್ಣ ಕಾರು ಕೂಡ ತನ್ನ ಟಾಪ್ ಸ್ಪೀಡ್ ಮುಟ್ಟುವ ಮೊದಲೇ ಬ್ರೇಕ್ ಒತ್ತಬೇಕಾಗುತ್ತದೆ. ಹಾಗಾದರೆ ಗಂಟೆಗೆ 240 ಓಡುವ ಕಾರು ತಗೊಂಡು ಏನು ಮಾಡುವುದು? ಅಲ್ಲಿ ಗೆಲ್ಲಿಸುವುದು ಬ್ರೇಕು, ತಿರುವು, ತಿರುವಿನಿಂದ ಹೊರಬರುವ ವೇಗ. ಈ ಮೂರೇ.

ಮೂರಕ್ಕೂ ಮೂಲ ಟಯರು. ಟಯರಿನ ಹಿಡಿತ ತಿಂಗಳ ಸಂಬಳದ ಹಾಗೆ. ಇರುವುದು ಇಷ್ಟೇ. ಬ್ರೇಕಿಗೆ ಎಲ್ಲ ಖರ್ಚು ಮಾಡಿದರೆ ತಿರುಗಲಿಕ್ಕೆ ಏನೂ ಉಳಿಯುವುದಿಲ್ಲ. ತಿರುಗುತ್ತಿರುವಾಗಲೇ ಆಕ್ಸಿಲರೇಟರ್ ತುಳಿದರೆ ಅದೂ ಅದೇ ಗಂಟಿನಿಂದಲೇ ಹೋಗಬೇಕು. ಜಾಸ್ತಿ ಪವರಿನ ಕಾರು ಈ ಗಂಟನ್ನು ಒಂದೇ ಏಟಿಗೆ ಖಾಲಿ ಮಾಡುತ್ತದೆ. ಏನಾಯಿತು ಎಂದು ತಿಳಿಯುವ ಮೊದಲೇ ಕಾರು ಹುಲ್ಲಿನಲ್ಲಿರುತ್ತದೆ. ಕಡಿಮೆ ಪವರಿನ ಕಾರಿನಲ್ಲಿ ಅದೇ ಸಂಗತಿ ನಿಧಾನವಾಗಿ ನಡೆಯುತ್ತದೆ. ಮೂತಿ ಹೊರಗೆ ಹೋಗುತ್ತಿದೆ ಅನ್ನುವುದು ಕಾಣುತ್ತದೆ, ಕೈ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಕಲಿಕೆ ನಡೆಯುವುದು ಆ ಸಮಯದಲ್ಲೇ. ಮೊದಲ ಕಾರಿಗೆ ಪವರ್ ಕಡಿಮೆ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನಾನು ನೋಡುವ ಮೊದಲ ವಿಷಯ, ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆ ಎಂಬುದು. ಮುಂದಿನ ಚಕ್ರಗಳಿಗೆ ಪವರ್ ಹೋಗುವ ಕಾರು ಹೊಸಬರಿಗೆ ಒಳ್ಳೆಯದು. ವೇಗ ಜಾಸ್ತಿಯಾದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಎಳೆಯುತ್ತದೆ, ಅದೇ ಅಂಡರ್‌ಸ್ಟೀರ್. ಆಗ ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಎತ್ತಿದರೆ ಸಾಕು. ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟಯರ್ ನೆಲ ಹಿಡಿಯುತ್ತದೆ, ಮೂತಿ ಒಳಗೆ ಬರುತ್ತದೆ. ಹಿಂದಿನ ಚಕ್ರದ ಕಾರು ಹಾಗಲ್ಲ. ತಿರುವಿನ ನಡುವೆ ಜಾಸ್ತಿ ತುಳಿದರೆ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿಯಲು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಕ್ಷಣ ತಿರುಗಿಸಬೇಕು. ಕಲಿತ ಮೇಲೆ ಅದರಷ್ಟು ಖುಷಿ ಬೇರೆ ಇಲ್ಲ, ಆದರೆ ಮೊದಲ ವಾರಕ್ಕೆ ಬೇಡ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಕಾರು ಹೊರಡುವಾಗ ಚೆನ್ನಾಗಿ ಜಿಗಿಯುತ್ತದೆ, ಮಳೆಯಲ್ಲಿ ಕೈ ಬಿಡುವುದಿಲ್ಲ. ಆದರೆ ಅದು ನಮ್ಮ ತಪ್ಪುಗಳನ್ನು ಮುಚ್ಚಿಡುತ್ತದೆ. ಕಲಿಯುವ ಹೊತ್ತಿನಲ್ಲಿ ತಪ್ಪು ಎದ್ದು ಕಾಣಬೇಕು.

ಎರಡನೆಯದು ತೂಕ. ಇದನ್ನು ಗೇಮ್ ಆಡುವವರು ಬಹಳ ಕಡೆಗಣಿಸುತ್ತಾರೆ. ನನ್ನ ಕೆಲಸವೇ ಬ್ರೇಕಿನದು, ಆದ್ದರಿಂದ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಕೆಲಸದ ಬಹುಪಾಲು ಮುಂದಿನ ಚಕ್ರಗಳ ಮೇಲೇ ಬೀಳುತ್ತದೆ. ಕಾರು ಹಗುರವಿದ್ದರೆ ತಡವಾಗಿ ಬ್ರೇಕ್ ಹಾಕಿದರೂ ನಡೆಯುತ್ತದೆ, ಟಯರೂ ಕಡಿಮೆ ಸವೆಯುತ್ತದೆ. ಸುಮಾರು ಒಂದು ಟನ್ನಿನ ಆಸುಪಾಸಿನ ಕಾರು ಸಿಕ್ಕರೆ ನಾನು ಬೇರೆ ಕಡೆ ನೋಡುವುದಿಲ್ಲ.

ಈ ಲೆಕ್ಕವನ್ನು ಗ್ರಾನ್ ಟುರಿಸ್ಮೊ 7ಕ್ಕೆ ಹಚ್ಚಿ ನೋಡೋಣ. 2022ರಲ್ಲಿ ಬಂದ ಈ ಗೇಮಿನಲ್ಲಿ ಒಂದು ಕೆಫೆ ಇದೆ. ಇಂತಿಂಥ ಕಾರು ಕೂಡಿಸು ಎಂಬ ಕೆಲಸಗಳನ್ನು ಅದು ಮೆನು ಎಂದು ಕೊಡುತ್ತದೆ. ಮೊದಲ ಮೆನುವೇ ಜಪಾನಿನ ಸಣ್ಣ ಕಾರುಗಳದ್ದು. ಮೂರರಲ್ಲಿ ಒಂದನ್ನು ತಗೊಳ್ಳಬೇಕು: ಟೊಯೋಟಾ ಅಕ್ವಾ, ಹೋಂಡಾ ಫಿಟ್ ಹೈಬ್ರಿಡ್, ಮಾಜ್ದಾ ಡೆಮಿಯೊ ಡೀಸೆಲ್. ಉಳಿದೆರಡು ಆಮೇಲೆ ರೇಸ್ ಗೆದ್ದಾಗ ಬಹುಮಾನವಾಗಿ ಬರುತ್ತವೆ. ಹಾಗಾಗಿ ಕಳೆದುಕೊಳ್ಳುವ ಭಯ ಇಲ್ಲ. ಯಾವುದರ ಮೇಲೆ ಕೈ ಪಳಗಿಸಬೇಕು ಅನ್ನುವುದಷ್ಟೇ ಪ್ರಶ್ನೆ.

ಮೂರೂ ಮುಂದಿನ ಚಕ್ರದ ಕಾರುಗಳೇ. ಫಿಟ್ ನೋಡಿದರೆ ನಮ್ಮವರಿಗೆ ಪರಿಚಯದ ಮುಖ. ಅದೇ ಕಾರು ಭಾರತದಲ್ಲಿ ಜಾಝ್ ಎಂಬ ಹೆಸರಿನಲ್ಲಿ ಓಡಾಡಿತು. ಈ ತಲೆಮಾರಿನದು ಇಲ್ಲಿಗೆ ಬಂದದ್ದು 2015ರಲ್ಲಿ, ಆದರೆ ಹೈಬ್ರಿಡ್ ಎಂಜಿನ್ ಬರಲಿಲ್ಲ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲೂ ಒಂದು ನಿಂತಿದೆ. ನಿಜವಾದ ಫಿಟ್ ಹೈಬ್ರಿಡ್‌ನಲ್ಲಿ ಪೆಟ್ರೋಲ್ ಎಂಜಿನ್ ಮತ್ತು ಮೋಟಾರ್ ಸೇರಿ ಸುಮಾರು 137 ಹಾರ್ಸ್‌ಪವರ್. ಮೂರರಲ್ಲಿ ಅದೇ ಜೋರು, ಗೇರನ್ನು ಚಕಚಕನೆ ಬದಲಿಸುವ 7 ಗೇರಿನ ಡ್ಯುಯಲ್ ಕ್ಲಚ್ ಬೇರೆ. ಅಕ್ವಾ ಟೊಯೋಟಾದ್ದೇ ಹೈಬ್ರಿಡ್ ಕಾರು ಪ್ರಿಯಸ್‌ನ ತಮ್ಮ. ಎಂಜಿನ್, ಮೋಟಾರ್ ಎರಡೂ ಕೂಡಿ ಸುಮಾರು 100 ಹಾರ್ಸ್‌ಪವರ್, ಗೇರ್ ಬದಲಿಸುವ ಕೆಲಸವೇ ಇಲ್ಲದ ಹೈಬ್ರಿಡ್ ವ್ಯವಸ್ಥೆ. ಡೆಮಿಯೊ ಅಂದರೆ ಬೇರೆ ದೇಶಗಳಲ್ಲಿ ಮಾಜ್ದಾ 2 ಅನ್ನಿಸಿಕೊಳ್ಳುವ ಕಾರು. ಮಾಜ್ದಾ ನಮ್ಮ ದೇಶದಲ್ಲಿ ಕಾರು ಮಾರಿಯೇ ಇಲ್ಲ. 1.5 ಲೀಟರ್ ಡೀಸೆಲ್, ಸುಮಾರು 105 ಹಾರ್ಸ್‌ಪವರ್, ಆದರೆ ಎಳೆಯುವ ಶಕ್ತಿ, ಅಂದರೆ ಟಾರ್ಕ್, ಅದರ ಅಳತೆಗೆ ಬಹಳ ಜಾಸ್ತಿ.

ನನ್ನ ಆಯ್ಕೆ ಡೆಮಿಯೊ. ಅಳಿಯನಿಗೂ ಅದನ್ನೇ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

“ಮಾಮಾ, ಇದು ಡೀಸೆಲ್ ಗಾಡಿ ಐತಲ್ಲ. ರೇಸಿಗೆ ಡೀಸೆಲ್ ಯಾರ ತಗೋತಾರ?”

“ತಗೊಂಡ ನೋಡೋ. ತಿರುವಿನಿಂದ ಹೊರಗ ಬರೂಮುಂದ ಗೊತ್ತಾಗತೈತಿ.”

2006ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸನ್ನು ಆಡಿ ಕಂಪನಿಯ ಆರ್10 ಗೆದ್ದದ್ದು ಡೀಸೆಲ್ ಎಂಜಿನ್ನಿನಲ್ಲೇ, ಡೀಸೆಲ್ ಕಾರು ಆ ರೇಸ್ ಗೆದ್ದದ್ದು ಅದೇ ಮೊದಲು ಎಂದೂ ಹೇಳಿದೆ. ಅದು ಅವನಿಗೆ ಹಿಡಿಸಿತು. ಡೆಮಿಯೊ ಓಡಿಸುವಾಗ ಗೊತ್ತಾಗುವ ಸಂಗತಿ ಇದು: ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗಲೇ ಜೋರಾಗಿ ಎಳೆಯುವುದರಿಂದ ತಿರುವಿನಲ್ಲಿ ಗೇರ್ ಒಂದು ಹೆಚ್ಚುಕಡಿಮೆಯಾದರೂ ಕಾರು ಸುಮ್ನೆ ನಿಂತುಬಿಡುವುದಿಲ್ಲ. ಮ್ಯಾನುಯಲ್ ಗೇರ್ ಕಲಿಯುವವನಿಗೆ ಇದರಷ್ಟು ಸಮಾಧಾನದ ಕಾರು ಸಿಗುವುದಿಲ್ಲ. ಹೌದು, ಗೇಮಿನಲ್ಲಿ ಮ್ಯಾನುಯಲ್ ಗೇರನ್ನು ಮೊದಲ ಕಾರಿನಲ್ಲೇ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಕಾರಿನಲ್ಲಿ ಕಲಿಯುತ್ತೇನೆ ಅಂದರೆ ಪುರುಸೊತ್ತು ಸಿಗುವುದಿಲ್ಲ. ಅಲ್ಲಿ ಗೇರ್ ನೋಡುವಷ್ಟರಲ್ಲಿ ಗೋಡೆ ಎದುರಿಗಿರುತ್ತದೆ.

ಇನ್ನು ಪರೀಕ್ಷೆ. ಇದು ನನ್ನ ಪದ್ಧತಿಯ ಮುಖ್ಯ ಭಾಗ. ಎರಡು ಮೂರು ಕಾರಿನ ನಡುವೆ ಮನಸ್ಸು ಓಲಾಡುತ್ತಿದ್ದರೆ ನಾನು ಒಂದೇ ತಿರುವನ್ನು ಹಿಡಿದುಕೊಳ್ಳುತ್ತೇನೆ. ತ್ಸುಕುಬಾ ಆದರೆ ಮೊದಲ ಹೇರ್‌ಪಿನ್. ಬ್ರೇಕ್ ಹಾಕಲಿಕ್ಕೆ ಒಂದು ಗುರುತು ಇಟ್ಟುಕೊಳ್ಳುತ್ತೇನೆ, ಒಂದು ಬೋರ್ಡೋ, ರಸ್ತೆ ಅಂಚಿನ ಬಣ್ಣದ ಪಟ್ಟಿಯ ಶುರುವೋ. ಪ್ರತಿ ಸುತ್ತಿನಲ್ಲೂ ಅಲ್ಲೇ ಬ್ರೇಕ್, ಅಲ್ಲೇ ತಿರುಗು, ಅಲ್ಲೇ ಆಕ್ಸಿಲರೇಟರ್. ಒಂದಷ್ಟು ಸುತ್ತು ಹಾಕಿದ ಮೇಲೆ ಸುತ್ತಿನ ಸಮಯಗಳನ್ನು ಬರೆದು ನೋಡುತ್ತೇನೆ. ಅತಿ ವೇಗದ ಸುತ್ತು ಯಾವುದು ಎಂದು ನೋಡುವುದಿಲ್ಲ. ಸಮಯಗಳು ಎಷ್ಟು ಹತ್ತಿರ ಹತ್ತಿರ ಇವೆ ಎಂದು ನೋಡುತ್ತೇನೆ.

ಒಂದು ಕಾರಿನಲ್ಲಿ ಒಂದು ಸುತ್ತು ಭರ್ಜರಿ ಬಂದು, ಮುಂದಿನ ಸುತ್ತಿಗೆ ಎರಡು ಸೆಕೆಂಡ್ ಹೋಗಿ, ಅದರ ಮುಂದಿನದರಲ್ಲಿ ಕಾರು ಹುಲ್ಲಿಗೆ ಇಳಿದಿದ್ದರೆ ಆ ಕಾರು ಇನ್ನೂ ನನ್ನ ಕೈಗೆ ಬಂದಿಲ್ಲ. ಇನ್ನೊಂದರಲ್ಲಿ ಎಲ್ಲ ಸುತ್ತುಗಳೂ ಅರ್ಧ ಸೆಕೆಂಡಿನ ಒಳಗೆ ಬಂದರೆ, ಅದು ಸ್ವಲ್ಪ ನಿಧಾನ ಆದರೂ ಪರವಾಗಿಲ್ಲ, ನನ್ನ ಕಾರು ಅದೇ. ಐದು ಸುತ್ತಿನ ರೇಸಿನಲ್ಲಿ ಆ ಕಾರೇ ಮುಂದಿರುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸುತ್ತುಗಳು ಒಂದೇ ಥರ ಬರುತ್ತಿದ್ದರೆ ಬ್ರೇಕಿನ ಗುರುತನ್ನು ಒಂದು ಕಾರಿನ ಉದ್ದದಷ್ಟು ಮುಂದೆ ಸರಿಸಿ ನೋಡಬಹುದು. ಸಮಯ ಇಳಿಯಿತಾ, ಏರಿತಾ? ಏನು ಬದಲಿಸಿದ್ದರಿಂದ ಏನಾಯಿತು ಎಂಬುದು ತಿಳಿಯುತ್ತದೆ. ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆಯನ್ನೂ ನಾವು ಹೀಗೇ ಮಾಡುತ್ತೇವೆ: ಒಂದನ್ನು ಮಾತ್ರ ಬದಲಿಸು, ಉಳಿದದ್ದು ಹಾಗೇ ಇರಲಿ.

ಆರಿಸುವ ಮೊದಲು ಓಡಿಸಿ ನೋಡಲಿಕ್ಕೆ ಎಲ್ಲ ಗೇಮ್ ಬಿಡುವುದಿಲ್ಲ. ಹಾಗಿದ್ದಾಗ ನಾನು ಹೊಸ ಪ್ರೊಫೈಲ್ ಮಾಡಿಕೊಂಡು ಪ್ರತಿ ಕಾರಿನಲ್ಲೂ ಶುರುವಿನ ಒಂದೆರಡು ರೇಸ್ ಆಡುತ್ತೇನೆ. ಒಂದು ಸಂಜೆಯ ಕೆಲಸ. ಆಮೇಲೆ ಮನಸ್ಸಿಗೆ ಬಂದ ಪ್ರೊಫೈಲ್ ಇಟ್ಟುಕೊಂಡು ಉಳಿದದ್ದು ಅಳಿಸಿಬಿಡುತ್ತೇನೆ.

2005ರ ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್ ಆಡುವವರಿಗೆ ಈ ಉಪಾಯ ತುಂಬಾ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಶುರುವಿಗೆ ಬಿಎಂಡಬ್ಲ್ಯು ಎಂ3 ಜಿಟಿಆರ್ ಕೈಗೆ ಕೊಟ್ಟು ರುಚಿ ತೋರಿಸುತ್ತಾರೆ. ಆಮೇಲೆ ರೇಜರ್ ಅನ್ನುವವನು ಅದನ್ನು ಕಿತ್ತುಕೊಳ್ಳುತ್ತಾನೆ. ಕೈಯಲ್ಲಿರುವ ಸ್ವಲ್ಪ ದುಡ್ಡಿಗೆ ಸಿಗುವುದು ನಾಲ್ಕು ಕಾರು: ಫಿಯೆಟ್ ಪುಂಟೊ, ಷೆವರ್ಲೆ ಕೋಬಾಲ್ಟ್ ಎಸ್ಎಸ್, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಲೆಕ್ಸಸ್ ಐಎಸ್ 300. ಹಿಂದಿನ ಚಕ್ರದ್ದು ಲೆಕ್ಸಸ್ ಮಾತ್ರ.

ಫಿಯೆಟ್ ಅಂದರೆ ಮುಂಬೈ-ಪುಣೆಯವರಿಗೆ ಒಂದು ಪ್ರೀತಿ ಇದೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಬಹಳ ಕಾಲ ಪ್ರೀಮಿಯರ್ ಪದ್ಮಿನಿಗಳೇ. ಫಿಯೆಟ್ 1100ರ ನಮೂನೆಯ ಆ ಕಾರು ತಯಾರಾಗುತ್ತಿದ್ದದ್ದು ಕುರ್ಲಾದಲ್ಲಿ. 2009ರಲ್ಲಿ ಗ್ರಾಂಡೆ ಪುಂಟೊ ಬಂತು, ಅದು ನಮ್ಮ ರಾಂಜಣಗಾವದ್ದು. ಹಾಗಾಗಿ ನಮ್ಮ ಗುಂಪಿನಲ್ಲಿ ಬೆಳಗಾವಿಯ ಗೆಳೆಯ ಪುಂಟೊ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವನ ಅಪ್ಪ ಓಡಿಸಿದ ಮೊದಲ ಕಾರು ಪದ್ಮಿನಿ. ಇಂಥ ಕಾರಣಕ್ಕೆ ಕಾರು ಆರಿಸುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಇಷ್ಟಪಟ್ಟು ತಗೊಂಡ ಕಾರನ್ನು ಮನುಷ್ಯ ಜಾಸ್ತಿ ಓಡಿಸುತ್ತಾನೆ, ಜಾಸ್ತಿ ಓಡಿಸಿದವನು ಜಾಸ್ತಿ ಕಲಿಯುತ್ತಾನೆ.

ನಾನು ಮಾತ್ರ ಗಾಲ್ಫ್ ತಗೊಳ್ಳುತ್ತೇನೆ. ಸಣ್ಣ ರಸ್ತೆಯಲ್ಲಿ ಬಿಗಿಯಾಗಿ ತಿರುಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಅದಕ್ಕಿಂತ ಮುಖ್ಯ. ಒಬ್ಬೊಬ್ಬರನ್ನೇ ಸೋಲಿಸುತ್ತಾ ಹೋಗಬೇಕಾದ 15 ಎದುರಾಳಿಗಳ ಪಟ್ಟಿ, ಅಂದರೆ ಬ್ಲ್ಯಾಕ್‌ಲಿಸ್ಟಿನಲ್ಲಿ ಮೊದಲು ಎದುರಾಗುವ 15ನೇ ಎದುರಾಳಿ ಸನ್ನಿ ಓಡಿಸುವುದೂ ಗಾಲ್ಫ್ ಜಿಟಿಐಯನ್ನೇ. ಅದೇ ಕಾರಿನಲ್ಲಿ ಅವನ ಹಿಂದೆ ಹೋದರೆ ಅವನು ಎಲ್ಲಿ ನಿಧಾನ ಆಗುತ್ತಾನೆ, ಯಾವ ಅಂಚಿನಿಂದ ತಿರುವಿಗೆ ಇಳಿಯುತ್ತಾನೆ ಎಂಬುದು ಕಣ್ಣೆದುರೇ ಕಾಣುತ್ತದೆ. ಕಾರು ಒಂದೇ ಆಗಿರುವುದರಿಂದ ಅವನು ಮಾಡಿದ್ದನ್ನು ನಾನೂ ಮಾಡಬಲ್ಲೆ.

ಈ ಗೇಮಿನಲ್ಲಿ ಒಂದು ಎಚ್ಚರ ಬೇಕು. ಪೊಲೀಸರ ಕೈಗೆ ಸಿಕ್ಕಾಗಲೆಲ್ಲ ಆ ಕಾರಿನ ಲೆಕ್ಕದಲ್ಲಿ ಒಂದು ಗುರುತು ಬೀಳುತ್ತದೆ. ಗುರುತು ತುಂಬಿದರೆ ಕಾರು ಜಪ್ತಿ. ಇರುವುದು ಒಂದೇ ಕಾರಾದರೆ ಕಷ್ಟ ಅಲ್ವಾ? ಅದಕ್ಕೆ ಬಂದ ದುಡ್ಡನ್ನೆಲ್ಲ ಮೊದಲ ಕಾರಿಗೆ ಸುರಿಯದೆ, ಒಂದು ಅಗ್ಗದ ಎರಡನೇ ಕಾರಿಗೆ ಸ್ವಲ್ಪ ತೆಗೆದಿಡುವುದು ಒಳ್ಳೆಯದು. ಎದುರಾಳಿಯನ್ನು ಸೋಲಿಸಿದಾಗ ಆರಿಸಿಕೊಳ್ಳಲು ಕೊಡುವ ಬಹುಮಾನಗಳಲ್ಲಿ ಅವನ ಕಾರಿನ ಕಾಗದವೂ, ಅಂದರೆ ಆ ಕಾರೇ, ಸಿಗಬಹುದು. ಆದರೆ ಅದನ್ನು ನಂಬಿ ಕೂರಬೇಡಿ.

ಅದೇ ನೀಡ್ ಫಾರ್ ಸ್ಪೀಡ್ ಸರಣಿಯ ಅಂಡರ್‌ಗ್ರೌಂಡ್ 2ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2004ರ ಆ ಗೇಮಿನಲ್ಲಿ ಪೂಜೊ 206, ಸಿವಿಕ್, ಫೋಕಸ್, ಮಿಯಾಟಾ, ನಿಸ್ಸಾನ್ 240ಎಸ್ಎಕ್ಸ್, ಟೊಯೋಟಾ ಕೊರೊಲಾ ಎಇ86 ಸಿಗುತ್ತವೆ. ಅಲ್ಲಿಯ ನಡೆ ಆರ್ಕೇಡ್ ಶೈಲಿಯದು. ಮುಂದಿನ ಚಕ್ರ, ಹಿಂದಿನ ಚಕ್ರ ಎಂಬ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ಬಣ್ಣ, ಬಂಪರ್, ನಿಯಾನ್ ದೀಪ ಹಾಕಿ ಸಿಂಗರಿಸುವುದೇ ಮುಖ್ಯ. ಕಣ್ಣಿಗೆ ಚೆಂದ ಕಂಡದ್ದನ್ನು ತಗೊಳ್ಳಿ.

2019ರ ನೀಡ್ ಫಾರ್ ಸ್ಪೀಡ್ ಹೀಟ್ ಬೇರೆ ಥರ. ಮೂರು ಕಾರು: 1965ರ ಫೋರ್ಡ್ ಮಸ್ಟಾಂಗ್, 1988ರ ಬಿಎಂಡಬ್ಲ್ಯು ಎಂ3, ನಿಸ್ಸಾನ್ 180ಎಸ್ಎಕ್ಸ್. ಮೂರೂ ಹಿಂದಿನ ಚಕ್ರದವು. ಇಲ್ಲಿ ಎಂಜಿನ್ನನ್ನೇ ಬದಲಿಸಬಹುದು. ಮೊದಲ ಕಾರನ್ನೇ ಬೆಳೆಸುತ್ತಾ ಬಹಳ ದೂರ ಹೋಗಬಹುದು. ಹಾಗಾಗಿ ಇಲ್ಲಿ ನನ್ನ ಲೆಕ್ಕ ಬದಲಾಗುತ್ತದೆ. ಮೊದಲ ಕಾರು ಕಲಿಯಲಿಕ್ಕೆ ಮಾತ್ರ ಅನ್ನುವ ಗೇಮಿದ್ದರೆ ಹಗುರವಾದದ್ದು, ಕಡಿಮೆ ಪವರಿನದು. ಕೊನೆಯವರೆಗೂ ಜೊತೆಗಿರುತ್ತದೆ ಅನ್ನುವ ಗೇಮಿದ್ದರೆ ಪ್ರೀತಿ ಹುಟ್ಟಿಸುವಂಥದ್ದು. ಹೀಟ್‌ನಲ್ಲಿ ನನ್ನದು ಎಂ3. ಆ ಕಾಲದ ಎಂ3ಯನ್ನು ಬಿಎಂಡಬ್ಲ್ಯು ಮಾಡಿದ್ದೇ ಟೂರಿಂಗ್ ಕಾರ್ ರೇಸಿಗೆ ಇಳಿಸುವುದಕ್ಕಾಗಿ. ರೇಸಿಗೆ ಇಳಿಯಬೇಕಾದರೆ ಇಂತಿಷ್ಟು ಕಾರುಗಳನ್ನು ಜನರಿಗೂ ಮಾರಿರಬೇಕು ಎಂಬ ನಿಯಮ ಇತ್ತು. ಅಂದರೆ ರಸ್ತೆಯ ಮೇಲೆ ಓಡಾಡಿದ್ದು ನಂಬರ್ ಪ್ಲೇಟ್ ಹಚ್ಚಿದ ರೇಸಿನ ಕಾರೇ. ಉಬ್ಬಿದ ಮಡ್‌ಗಾರ್ಡು, ಚಪ್ಪಟೆ ಮೂತಿ. ಎಷ್ಟು ನೋಡಿದರೂ ಸಾಲದು.

ಫೋರ್ಜಾ ಹೊರೈಜನ್ 5ರಲ್ಲಿ ನನ್ನ ಮಾತನ್ನು ಗೆಳೆಯರು ಸುಲಭಕ್ಕೆ ಒಪ್ಪುವುದಿಲ್ಲ. 2021ರ ಈ ಗೇಮ್ ನಡೆಯುವುದು ಮೆಕ್ಸಿಕೊದಲ್ಲಿ. ಆಯ್ಕೆಗೆ ಇರುವುದು ಷೆವರ್ಲೆ ಕಾರ್ವೆಟ್, ಟೊಯೋಟಾ ಜಿಆರ್ ಸೂಪ್ರಾ, ಫೋರ್ಡ್ ಬ್ರಾಂಕೊ. ಎಲ್ಲರ ಕೈ ಹೋಗುವುದು ಕಾರ್ವೆಟ್ ಕಡೆಗೆ. ಎಂಜಿನ್ನನ್ನು ಸೀಟಿನ ಹಿಂದಕ್ಕೆ ತಂದ ಮೊದಲ ಕಾರ್ವೆಟ್ ತಲೆಮಾರು ಅದು. ಸೂಪ್ರಾ ಕೂಡ ಒಳ್ಳೆಯ ಕಾರು, ಬಿಎಂಡಬ್ಲ್ಯು ಜ಼ಡ್4ನ ಜೊತೆ ಬುನಾದಿ ಹಂಚಿಕೊಂಡದ್ದು. ಆದರೆ ಕಂಟ್ರೋಲರ್ ಹೊಸದಾಗಿ ಹಿಡಿದವರಿಗೆ ನಾನು ಬ್ರಾಂಕೊ ತಗೊಳ್ಳಿ ಅನ್ನುತ್ತೇನೆ.

“ಎಂಥ ಮಾರಾಯ, ಕಾರ್ವೆಟ್ ಬಿಟ್ಟು ಜೀಪ್ ಓಡಿಸುದಾ?” ಅಂದ ಉಡುಪಿಯ ಗೆಳೆಯ.

ನಿನ್ನ ಮಗಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡು ಎಂದೆ. ಆ ಹುಡುಗಿಗೆ ಒಂಬತ್ತು ವರ್ಷ. ಕಾರ್ವೆಟ್ ಕೊಟ್ಟರೆ ರಸ್ತೆ ಬಿಟ್ಟು ಹೊಲಕ್ಕೆ ಹೋಗಿ, ಮರಕ್ಕೆ ತಾಗಿ, ಮತ್ತೆ ರಿವೈಂಡ್ ಒತ್ತುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಬ್ರಾಂಕೊ ಕೊಟ್ಟ ಮೇಲೆ ರಸ್ತೆ ತಪ್ಪಿದರೂ ಆಟ ತಪ್ಪಲಿಲ್ಲ. ಹೊಲ, ಹಳ್ಳ, ಮರಳು ದಾಟಿ ಹೋದಳು. ಮೆಕ್ಸಿಕೊದ ಆ ನಕ್ಷೆಯಲ್ಲಿ ಮಣ್ಣಿನ ದಾರಿ ಬೇಕಾದಷ್ಟಿದೆ. ಎತ್ತರದ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಪವರ್, ಅವಳ ವಯಸ್ಸಿಗೆ ಅದೇ ಸರಿಯಾದ ಮೊದಲ ಗಾಡಿ. ನಾಲ್ಕು ಚಕ್ರದ ಕಾರು ತಪ್ಪು ಮುಚ್ಚುತ್ತದೆ ಎಂದು ಮೇಲೆ ಹೇಳಿದ್ದೆ. ಮಕ್ಕಳಿಗೆ ಮೊದಲು ಬೇಕಾದದ್ದು ಆಟದ ಖುಷಿ. ತಪ್ಪು ತಿದ್ದುವುದನ್ನು ಆಮೇಲೆ ನೋಡಿಕೊಳ್ಳಬಹುದು.

ದೊಡ್ಡವರಿಗೆ ಹೊರೈಜನ್‌ನಲ್ಲಿ ಬೇರೆ ತೊಂದರೆ ಇದೆ. ಅಲ್ಲಿ ಕಾರುಗಳು ಬಹುಮಾನವಾಗಿ ಸುರಿಯುತ್ತಲೇ ಇರುತ್ತವೆ. ಬಹುಮಾನದ ಚಕ್ರ ತಿರುಗಿಸಿದರೂ ಕಾರು ಸಿಗಬಹುದು. ಹೀಗಾಗಿ ಮೊದಲ ಕಾರಿಗೆ ಬೆಲೆಯೇ ಉಳಿಯುವುದಿಲ್ಲ. ಅದಕ್ಕೆ ನಾನು ನನ್ನದೇ ನಿಯಮ ಹಾಕಿಕೊಂಡಿದ್ದೇನೆ. ಗೇಮ್ ಪ್ರತಿ ಕಾರಿಗೂ ಒಂದು ಅಂಕ ಕೊಡುತ್ತದೆ. 500ರವರೆಗೆ ಡಿ ಕ್ಲಾಸ್, 600ರವರೆಗೆ ಸಿ, 700ರವರೆಗೆ ಬಿ, 800ರವರೆಗೆ ಎ, ಅದರ ಮೇಲೆ ಎಸ್1, ಎಸ್2. ಕೊಟ್ಟ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ, ಡಿ ಅಥವಾ ಸಿ ಕ್ಲಾಸಿನ ಒಂದು ಸಣ್ಣ ಕಾರು ಕೊಂಡು, ಅದರಲ್ಲಿ ಎದುರಾಳಿಗಳ ಮಟ್ಟವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗುತ್ತೇನೆ. ಗೆಲ್ಲುವುದು ಸಲೀಸಾದ ಮೇಲೆ ಮಾತ್ರ ಮುಂದಿನ ಕ್ಲಾಸು. ನಿಜವಾದ ಮೊದಲ ಕಾರು ಅಂದರೆ ನಾನು ಅದನ್ನೇ ಅನ್ನುತ್ತೇನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. 1997ರ ಕೊನೆಗೆ ಜಪಾನಿನಲ್ಲಿ ಬಂದ ಮೊದಲ ಗ್ರಾನ್ ಟುರಿಸ್ಮೊದಲ್ಲಿ ಕೈಗೆ ಕೊಡುತ್ತಿದ್ದದ್ದು 10,000 ಕ್ರೆಡಿಟ್. ಚೆನ್ನಾಗಿರುವ ಹೊಸ ಕಾರು ಅಷ್ಟಕ್ಕೆ ಬರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೇ ಹೋಗಬೇಕು. ಅಲ್ಲಿ ಪೂರ್ತಿ ದುಡ್ಡು ಕೊಟ್ಟು ದೊಡ್ಡ ಕಾರು ತಗೊಂಡರೆ ಅದಕ್ಕೆ ಏನೂ ಹಾಕಿಸಲಿಕ್ಕೆ ಉಳಿಯುವುದಿಲ್ಲ. ಸ್ವಲ್ಪ ಅಗ್ಗದ, ಹಗುರವಾದ ಕಾರು ತಗೊಂಡು ಉಳಿದ ದುಡ್ಡಿನಲ್ಲಿ ಅದನ್ನು ಸರಿಮಾಡುವುದು ಜಾಣತನ. ಗೇಮುಗಳು ಎಷ್ಟೇ ಬದಲಾದರೂ ಈ ಲೆಕ್ಕ ಬದಲಾಗಿಲ್ಲ. ಇನ್ನೊಂದು, ಗ್ರಾನ್ ಟುರಿಸ್ಮೊದೊಳಗೆ ಬರುವ ಲೈಸೆನ್ಸ್ ಪರೀಕ್ಷೆಗಳನ್ನು ಬಿಡಬೇಡಿ. ಅಲ್ಲಿ ಗೇಮೇ ಕಾರು ಕೊಡುತ್ತದೆ, ನಮ್ಮ ದುಡ್ಡು ಖರ್ಚಾಗುವುದಿಲ್ಲ. ಮೊದಲ ಪರೀಕ್ಷೆ ಹೊರಟು, ಹೇಳಿದ ಜಾಗದಲ್ಲಿ ನಿಲ್ಲುವುದು, ಅಷ್ಟೇ. ಅದರಲ್ಲಿ ಚಿನ್ನ ತಗೊಳ್ಳುವವರೆಗೂ ಆಡಿ. ಬ್ರೇಕು ಎಷ್ಟು ದೂರ ತಗೊಳ್ಳುತ್ತದೆ ಎಂಬ ಅಂದಾಜು ಕಣ್ಣಿಗೆ ಕೂತುಬಿಡುತ್ತದೆ.

ಖರ್ಚು ಮಾಡುವಾಗ ನನ್ನ ಸಾಲು ಹೀಗೆ: ಮೊದಲು ಟಯರ್, ಆಮೇಲೆ ಸಸ್ಪೆನ್ಷನ್ ಮತ್ತು ಬ್ರೇಕು, ಅದಾದ ಮೇಲೆ ತೂಕ ಇಳಿಸುವುದು, ಕೊನೆಗೆ ಎಂಜಿನ್. ಗ್ರಾನ್ ಟುರಿಸ್ಮೊ 7ರಲ್ಲಿ ಸಣ್ಣ ಕಾರುಗಳು ಹಿಡಿತ ಕಡಿಮೆ ಇರುವ ಕಂಫರ್ಟ್ ಟಯರಿನಲ್ಲಿ ಬರುತ್ತವೆ. ಅದನ್ನು ತೆಗೆದು ಸ್ಪೋರ್ಟ್ಸ್ ಟಯರ್ ಹಾಕಿಸಿದರೆ ಅದೇ ಕಾರು ಬೇರೆಯದೇ ಅನ್ನಿಸುತ್ತದೆ. ಅಳಿಯ ಮಾತ್ರ ಮೊದಲು ಎಂಜಿನ್ನಿಗೇ ಹಾಕಿಸಿದ. ಮುಂದಿನ ರೇಸಿನಲ್ಲೇ ಕೂಗಿದ: “ಮಾಮಾ, ಗಾಡಿ ತಿರಗವಲ್ದು!” ತಿರುಗುವುದಾದರೂ ಹೇಗೆ? ಮುಂದಿನ ಅದೇ ಎರಡು ಟಯರುಗಳು ಹೊಸ ಪವರನ್ನೂ ಹೊರಬೇಕು, ತಿರುಗಿಸಲೂ ಬೇಕು. ಟಯರ್ ಬದಲಿಸಿದ ಮೇಲೆ ಅವನೇ ಸುತ್ತಿನ ಸಮಯ ಬರೆದು ತಂದು ತೋರಿಸಿದ.

ಸಹಾಯದ ಸೆಟ್ಟಿಂಗುಗಳ ಬಗ್ಗೆಯೂ ಕೇಳುತ್ತಾರೆ. ಎಬಿಎಸ್ ಇರಲಿ. ಕಂಟ್ರೋಲರಿನ ಗುಂಡಿಯಲ್ಲಿ ಚಕ್ರ ಲಾಕ್ ಆಗದ ಹಾಗೆ ಬ್ರೇಕ್ ಒತ್ತುವುದು ಕಷ್ಟ. ಆಕ್ಸಿಲರೇಟರ್ ತುಳಿದಾಗ ಚಕ್ರ ಜಾರಿ ಸುಮ್ಮನೆ ತಿರುಗದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಮಾತ್ರ 100 ಹಾರ್ಸ್‌ಪವರಿನ ಕಾರಿನಲ್ಲಿ ತೆಗೆದುಬಿಡಿ. ಅಷ್ಟು ಪವರಿಗೆ ಅದು ಬೇಡ. ಆಕ್ಸಿಲರೇಟರನ್ನು ಹದವಾಗಿ ತುಳಿಯುವ ಅಭ್ಯಾಸ ಆಗುತ್ತದೆ. ರಸ್ತೆಯ ಮೇಲೆ ಬರುವ ಬಣ್ಣದ ದಾರಿಗೆರೆಯನ್ನು ಟ್ರ್ಯಾಕ್ ಪರಿಚಯ ಆಗುವವರೆಗೆ ಇಟ್ಟುಕೊಂಡು ಆಮೇಲೆ ತೆಗೆದುಬಿಡಿ. ಅದು ಇರುವಷ್ಟು ಹೊತ್ತು ಕಣ್ಣು ತಿರುವಿನ ಕಡೆ ನೋಡುವುದಿಲ್ಲ, ಗೆರೆಯನ್ನೇ ನೋಡುತ್ತದೆ.

ಇದೆಲ್ಲ ಗೇಮಿನ ಮಾತು, ನಿಜವಾದ ರಸ್ತೆಗೆ ಏನು ಉಪಯೋಗ ಎಂದು ಮನೆಯಲ್ಲಿ ಕೇಳುತ್ತಾರೆ. ವೇಗದ ಮಟ್ಟಿಗೆ ಏನೂ ಇಲ್ಲ, ಇರಲೂಬಾರದು. ಆದರೆ ಒಂದು ಅಭ್ಯಾಸ ನನ್ನ ಜೊತೆ ಬಂದಿದೆ. ಊರಿಗೆ ಹೋಗುವಾಗ ಪುಣೆಯಿಂದ ಸಾತಾರಾ ದಾರಿಯಲ್ಲಿ ಖಂಬಾಟಕಿ ಘಾಟ್ ಸಿಗುತ್ತದೆ. ಹಳೆಯ ಘಾಟಿನ ದಾರಿಯಲ್ಲಿ ತಿರುವುಗಳೇ ತಿರುವುಗಳು. ಅಲ್ಲಿ ತಿರುವಿನ ಒಳಗೆ ಬ್ರೇಕ್ ಒತ್ತದೆ, ತಿರುವಿಗೆ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ, ಆಮೇಲೆ ಸ್ಟೀರಿಂಗ್ ತಿರುಗಿಸುತ್ತೇನೆ. ಹಿಂದಿನ ಸೀಟಿನಲ್ಲಿ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಡೆಮಿಯೊದಂಥ ಸಣ್ಣ ಕಾರಿನಲ್ಲಿ ಮತ್ತೆ ಮತ್ತೆ ಮಾಡಿದ ಕೆಲಸವೇ ಅದು.

ಇನ್ನು ಎರಡನೇ ಕಾರು ಯಾವುದು ಎಂದು ಅಳಿಯ ಈಗ ಕೇಳುತ್ತಿದ್ದಾನೆ. ಮೊದಲನೆಯದನ್ನು ಮಾರಬೇಡ ಎಂದು ಹೇಳಿದ್ದೇನೆ. ಸಣ್ಣ ಕಾರಿನ ರೇಸು ಮುಂದೆಯೂ ಬರುತ್ತಿರುತ್ತದೆ, ಮಾರಿದರೆ ಬರುವ ಕ್ರೆಡಿಟ್ಟೂ ಲೆಕ್ಕಕ್ಕಿಲ್ಲ. ಎರಡನೆಯದಕ್ಕೆ ಹಿಂದಿನ ಚಕ್ರದ ಕಾರಿಗೆ ಹೋಗುವ ಹೊತ್ತು ಬಂದಿದೆ. ನಾನು ಹೇಳಿದ್ದು ಮಾಜ್ದಾ ರೋಡ್‌ಸ್ಟರ್, 1989ರಲ್ಲಿ ಬಂದ ಮೊದಲ ತಲೆಮಾರಿನದು, ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದದ್ದು. 1.6 ಲೀಟರಿನ ಎಂಜಿನ್, ತೂಕ ಒಂದು ಟನ್ನಿಗಿಂತ ಕಡಿಮೆ, ಮುಂದೆ ಹಿಂದೆ ಭಾರ ಹೆಚ್ಚುಕಡಿಮೆ ಸಮ. ಹಿಂಭಾಗ ಜಾರಿದರೂ ನಿಧಾನಕ್ಕೆ ಜಾರುತ್ತದೆ. ಅವನು ಇನ್ನೂ ಸೂಪ್ರಾ ಅನ್ನುತ್ತಿದ್ದಾನೆ. ಬರುವ ಭಾನುವಾರ ತ್ಸುಕುಬಾದ ಅದೇ ಹೇರ್‌ಪಿನ್ನಿನಲ್ಲಿ ನನ್ನ ಗ್ಯಾರೇಜಿನಲ್ಲಿರುವ ಎರಡನ್ನೂ ಅವನ ಕೈಗೆ ಕೊಟ್ಟು, ಸಮಯ ಬರೆದುಕೋ ಎಂದು ಹೇಳಲಿದ್ದೇನೆ.